ಭಾವನ ಅಂಗಿಯ ಒಳಪದರ

ಇದನ್ನು ಹೇಳಲು ನಾನು ಬಹಳ ತಡ ಮಾಡಿದೆ. ಈ ಹಬ್ಬ ಕಳೆಯಲಿ, ಮುಂದಿನ ಸಲ ಸಿಕ್ಕಾಗ ಹೇಳುವ ಎಂದು ಮುಂದೂಡುತ್ತಲೇ ಬಂದೆ. ಕ್ಷಮೆ ಕೇಳಬೇಕಾದವರ ಎದುರು ಕೂತಾಗ ಮಾತು ಹೊರಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಓದಿದ್ದು ಹೈಸ್ಕೂಲಿನವರೆಗೆ. ಆಮೇಲೆ ಮೂಡುಬಿದಿರೆ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟು ಬದುಕಿದವನು ನಾನು.

ಎರಡು ವರ್ಷದ ಹಿಂದೆ ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ, ಜೊತೆಗೆ ದಿನಾ ಒಂದು ಮಾತ್ರೆ. ಗಂಡಸಿನ ಹಾರ್ಮೋನನ್ನು ತಡೆಯುವ ಮದ್ದು ಅದು. ರೋಗ ಅಲ್ಲಿಗೇ ನಿಂತಿದೆ ಎಂದು ಡಾಕ್ಟರು ಹೇಳುತ್ತಾರೆ. ಆದರೆ ಮೊದಲಿನಷ್ಟೇ ಉಂಡರೂ ಹೊಟ್ಟೆ ಮುಂದೆ ಬಂತು, ತೋಳು ತೊಡೆ ಸೊರಗಿದವು. ಸುಮ್ಮನೆ ಕೂತಿದ್ದಾಗ ಎದೆಯಿಂದ ಬಿಸಿ ಎದ್ದು ಮುಖಕ್ಕೆ ಹೊಡೆಯುತ್ತದೆ, ಬನಿಯನ್ ಒದ್ದೆಯಾಗುತ್ತದೆ. ಕಾರಣ ಇಲ್ಲದೆ ಅಳು ಬರುತ್ತದೆ.

“ಮದ್ದು ನಿಲ್ಲಿಸುವ ಹಾಗಿಲ್ಲ,” ಎಂದರು ಡಾಕ್ಟರು. “ದಿನಾ ನಡೀರಿ, ಸ್ವಲ್ಪ ಭಾರ ಎತ್ತಿ. ಇಲ್ಲದಿದ್ರೆ ಸ್ನಾಯು ಕರಗಿ ಬರೇ ಕೊಬ್ಬು ಉಳೀತದೆ. ಎಲುಬೂ ಸವೀತದೆ.”

ಭಾರಕ್ಕೆ ಎಲ್ಲಿಗೆ ಹೋಗುವುದು? ಅಂಗಡಿ ಮುಚ್ಚಿದಾಗ ಮನೆಗೆ ತಂದ ಹಳೆಯ ಇಸ್ತ್ರಿ ಪೆಟ್ಟಿಗೆಗಳು ಎರಡು ಇದ್ದವು, ಕೆಂಡ ಹಾಕುವಂಥವು. ಬೆಳಿಗ್ಗೆ ಜಗಲಿಯಲ್ಲಿ ನಿಂತು ಕೈಗೊಂದರಂತೆ ಹಿಡಿದು ಎತ್ತಿ ಇಳಿಸತೊಡಗಿದೆ. “ಇನ್ನು ಕುಸ್ತಿಗೆ ಹೋಗ್ಲಿಕ್ಕುಂಟಾ?” ಎಂದು ಹೆಂಡತಿ ನಕ್ಕಳು. ಆದರೆ ಅವಳೇ ನನ್ನ ಗಂಜಿಯಲ್ಲಿ ಒಂದು ಸೌಟು ಕಡಿಮೆ ಮಾಡಿ ಹುರುಳಿ ಸಾರು ಜಾಸ್ತಿ ಬಡಿಸಿದಳು. ಸಂಜೆಯ ಬನ್ಸ್ ಬಿಟ್ಟೆ. ಹೊಟ್ಟೆ ಇಳಿಯಲಿಲ್ಲ, ಆದರೆ ಏರುವುದು ನಿಂತಿತು.

ಒಂದನ್ನು ಮಾತ್ರ ಹೆಂಡತಿಗೂ ಹೇಳಲಿಲ್ಲ. ನನ್ನ ಎದೆ ಬೆಳೆಯುತ್ತಿತ್ತು, ಹೆಂಗಸರ ಹಾಗೆ. ಅಂಗಿ ತಾಗಿದರೆ ನೋವು. ಅದನ್ನು ಮೊದಲ ಸಲ ಕನ್ನಡಿಯಲ್ಲಿ ಕಂಡ ದಿನ ನನಗೆ ರೋಗದ ನೆನಪು ಬರಲಿಲ್ಲ, ಭಾವನ ನೆನಪು ಬಂತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಬೆಳ್ತಂಗಡಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರಿಗೂ ಇದೇ ರೋಗ ಬಂದಿತ್ತು, ನನಗಿಂತ ಎಷ್ಟೋ ವರ್ಷ ಮೊದಲು. ಒಂದು ಮಧ್ಯಾಹ್ನ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ಮದುವೆಯ ಸೀಸನ್, ಒಳಗೆ ಜನ ಇತ್ತು. ಭಾವ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, “ಎದೆಯ ಹತ್ತಿರ ಬಿಗಿ ಆಗ್ತದೆ ಮಾರಾಯ. ಸ್ವಲ್ಪ ಸಡಿಲ ಮಾಡಿ ಹೊಲಿ,” ಎಂದರು.

ನಾನು ಟೇಪು ಹಿಡಿದು ಅವರ ಎದೆಯ ಸುತ್ತ ತಂದೆ. ಅವರು ಮುಖ ಕಿವುಚಿದರು. ಕೈಗೆ ಮೆತ್ತಗೆ ತಾಗಿತು. ನಮ್ಮಲ್ಲಿ ಭಾವಂದಿರು ಒಬ್ಬರನ್ನೊಬ್ಬರು ಎಷ್ಟು ಗೇಲಿ ಮಾಡಿದರೂ ತಪ್ಪಿಲ್ಲ, ಸಿಟ್ಟು ಮಾಡುವವನೇ ಸಣ್ಣವನಾಗುತ್ತಾನೆ. ಆ ಸಲಿಗೆಯಲ್ಲಿ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಏನು ಭಾವ, ಇನ್ನು ನಿಮಗೆ ಅಂಗಿ ಅಲ್ಲ, ರವಿಕೆಯೇ ಹೊಲೀಬೇಕಷ್ಟೆ. ಹುಕ್ಕು ಮುಂದೆ ಇಡ್ಲಾ, ಹಿಂದೆ ಇಡ್ಲಾ?”

ಅಂಗಡಿ ಇಡೀ ನಕ್ಕಿತು. ಭಾವನೂ ನಕ್ಕರು, ನಗದೆ ಬೇರೆ ದಾರಿ ಇರಲಿಲ್ಲ. “ಆಮೇಲೆ ಬರ್ತೇನೆ” ಎಂದು ತಂದ ಬಟ್ಟೆಯನ್ನು ಹಾಗೇ ಚೀಲಕ್ಕೆ ಹಾಕಿ ಹೋದರು. ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮದುವೆ ಮನೆಗಳಲ್ಲಿ ಸೆಕೆಯಲ್ಲೂ ಶಾಲು ಹೊದ್ದು ಮೂಲೆಯಲ್ಲಿ ಕೂರುತ್ತಿದ್ದರು. ಬೇರೆ ಟೈಲರ್ ಹಿಡಿದಿರಬೇಕು ಎಂದುಕೊಂಡೆ. ನನಗೆ ಅದರಿಂದ ಸಣ್ಣ ಅಸಮಾಧಾನವೂ ಆಗಿತ್ತು, ಆಗ ನಾಚಿಕೆ ಆಗಲಿಲ್ಲ.

ಅವರ ಕೊನೆಯ ದಿನಗಳಲ್ಲಿ ನೋಡಲು ಹೋದಾಗ, ಮಂಚದಲ್ಲೂ ಎದೆಗೆ ಶಾಲು ಹೊದ್ದಿದ್ದನ್ನು ಕಂಡು ಮಾತು ತೆಗೆದೆ. “ಭಾವ, ಆ ದಿನ ಅಂಗಡಿಯಲ್ಲಿ ನಾನು ಹಾಗೆ ಹೇಳ್ಬಾರದಿತ್ತು. ತಪ್ಪಾಯ್ತು.”

“ಯಾವ ದಿನ ಮಾರಾಯ?” ಎಂದರು ಅವರು. “ಭಾವನಿಗೆ ತಮಾಷೆ ಮಾಡದೆ ಮತ್ತೆ ಯಾರಿಗೆ ಮಾಡ್ತಿ? ಆ ನೀರು ಇತ್ತ ಕೊಡು.”

ಅಲ್ಲಿಗೆ ಮುಗಿಯಿತು ಎಂದು ನಾನು ಹಗುರವಾಗಿ ಮನೆಗೆ ಬಂದೆ.

ಕಳೆದ ವರ್ಷ ಅಕ್ಕ ನನ್ನನ್ನು ನೋಡಲು ಬಂದಳು. ಬಿಗಿಯಾದ ಅಂಗಿಯಲ್ಲಿ ಬೆನ್ನು ಬಗ್ಗಿಸಿ, ಕೈ ಕಟ್ಟಿ ಕೂತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಮುಂದಿನ ವಾರ ಒಂದು ಕಟ್ಟು ಹಿಡಿದು ಪುನಃ ಬಂದಳು.

“ಅವರ ಅಂಗಿಗಳು. ನಿನಗೆ ಆಗ್ತದೆ, ಹಾಕಿಕೊ.”

ಬಿಡಿಸಿ ನೋಡಿದೆ. ಟೈಲರನ ಕಣ್ಣು ಮೊದಲು ಹೊಲಿಗೆಗೆ ಹೋಗುತ್ತದೆ. ಅವು ಯಾವ ಟೈಲರನೂ ಸಡಿಲ ಮಾಡಿದವಲ್ಲ. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಬೇರೆ ಬಟ್ಟೆಯ ಪಟ್ಟಿ ಸೇರಿಸಿ ಸೂಜಿಯಲ್ಲಿ ಕೈಹೊಲಿಗೆ ಹಾಕಿತ್ತು. ಕೆಲವು ಕಡೆ ಸೊಟ್ಟ, ಕೆಲವು ಕಡೆ ಎರಡೆರಡು ಸಲ ಹೊಲಿದದ್ದು. ಎದೆಯ ಒಳಬದಿಗೆ ಹಳೆಯ ಹತ್ತಿ ಸೀರೆಯ ತುಂಡು ಇಟ್ಟು ಪದರ ಮಾಡಿತ್ತು. ಆ ಸೀರೆ ನನಗೆ ಗೊತ್ತಿತ್ತು, ನಮ್ಮ ತಾಯಿಯದ್ದು.

“ಮೆತ್ತಗೆ ಉಂಟು, ಉಜ್ಜುವುದಿಲ್ಲ,” ಎಂದಳು ಅಕ್ಕ. “ನಿನಗೂ ಅಲ್ಲಿ ನೋಯ್ತದಲ್ಲಾ?”

ನಾನು ತಲೆಯಾಡಿಸಿದೆ.

“ನಿನ್ನ ಹತ್ರ ಹೊಲಿಸುವ ಅಂತ ಅವರಿಗೆ ಎಷ್ಟು ಹೇಳಿದೆ! ‘ಅವನಿಗೆ ಸೀಸನ್, ಪುರುಸೊತ್ತಿಲ್ಲ, ತೊಂದರೆ ಕೊಡುವುದು ಬೇಡ’ ಅಂತ ಒಂದೇ ಹಠ. ಬೇರೆ ಟೈಲರಿಗೂ ಕೊಡ್ಲಿಕ್ಕೆ ಬಿಡ್ಲಿಲ್ಲ. ಸ್ವಂತ ಭಾವನಿಗೆ ಎರಡು ಅಂಗಿ ಹೊಲೀಲಿಕ್ಕೆ ಆಗದವನು ಎಂಥ ತಮ್ಮ ಅಂತ ನನಗೆ ನಿನ್ನ ಮೇಲೆ ಸಿಟ್ಟಿತ್ತು ಮಾರಾಯ. ಈಗ ಇಲ್ಲ.” ಮತ್ತೆ ನಕ್ಕಳು. “ನನ್ನ ಹೊಲಿಗೆ ನೋಡಿ ನಗ್ಬೇಡ, ಟೈಲರೇ.”

ಅಂಗಡಿಯ ಆ ಮಾತನ್ನು ಭಾವ ಅವಳಿಗೆ ಹೇಳಿರಲಿಲ್ಲ. ನನ್ನ ಮಾನ ಉಳಿಸಲು ಸಾಯುವವರೆಗೂ ಸುಳ್ಳು ಹೇಳಿದ್ದರು. ಅಷ್ಟು ವರ್ಷ ಕನ್ನಡಕ ಏರಿಸಿಕೊಂಡು ಇವಳು ಒಬ್ಬಳೇ ಹೊಲಿದಿದ್ದಳು, ತಮ್ಮ ಟೈಲರ್ ಆಗಿದ್ದೂ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಆ ಬಿಸಿ ಎದ್ದಿತು, ಕಣ್ಣಲ್ಲಿ ನೀರು ಇಳಿಯಿತು. ಅಕ್ಕ ಹತ್ತಿರ ಬಿದ್ದಿದ್ದ ಪೇಪರು ಮಡಚಿ ಗಾಳಿ ಹಾಕಿದಳು.

“ಇಂಜೆಕ್ಷನಿನದ್ದು,” ಎಂದಳು. “ಅವರಿಗೂ ಹೀಗೇ ಬರ್ತಿತ್ತು. ಸ್ವಲ್ಪ ಹೊತ್ತು ಕೂತ್ಕೊ, ಹೋಗ್ತದೆ.”

“ಹೌದು ಅಕ್ಕ, ಇಂಜೆಕ್ಷನಿನದ್ದೇ,” ಎಂದೆ.

ಅದು ಮದ್ದಿನ ಕಣ್ಣೀರಾಗಿರಲಿಲ್ಲ. ನಾನು ಮದ್ದಿನ ಹಿಂದೆ ಅಡಗಿಕೊಂಡೆ, ಅಷ್ಟೆ.

ಆಮೇಲೆ ಅವಳು ಎಷ್ಟೋ ಸಲ ಬಂದಿದ್ದಾಳೆ. ನನ್ನನ್ನು ಎಬ್ಬಿಸಿ ಸಂಜೆ ಬಸದಿಯ ರಸ್ತೆಯಲ್ಲಿ ನಡೆಸುತ್ತಾಳೆ, “ಬೇಗ ಕಾಲು ಹಾಕು, ಹೊಟ್ಟೆ ಮುಂದೆ ಹೋಗ್ತಾ ಉಂಟು” ಎಂದು ಛೇಡಿಸುತ್ತಾಳೆ. ನಾನು ಆ ಅಂಗಿಗಳನ್ನೇ ಹಾಕುತ್ತೇನೆ. ಮನೆಯಲ್ಲಿ ಹೊಲಿಗೆ ಯಂತ್ರ ಇದೆ, ನೇರ ಮಾಡಲು ಅರ್ಧ ಗಂಟೆ ಸಾಕು. ಆ ಕೈಹೊಲಿಗೆಯನ್ನು ನಾನು ಮುಟ್ಟಿಲ್ಲ.

ಭಾವನ ಹತ್ತಿರ ತಪ್ಪಾಯಿತು ಎಂದು ಹೇಳಿದ್ದೇನೆ, ಅವರು ತೆಗೆದುಕೊಂಡರೋ ಇಲ್ಲವೋ. ಹೇಳದೆ ಉಳಿದದ್ದು ಒಬ್ಬರಿಗೇ. ನಾಡಿದ್ದು ಬೆಳ್ತಂಗಡಿ ಬಸ್ಸಿನಲ್ಲಿ ಬರುತ್ತಾಳೆ. ಈ ಹಾಳೆಗಳನ್ನು ಅವಳ ಕೈಗೆ ಕೊಡಬೇಕು. ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ನನ್ನ ಅಕ್ಕನ ಹತ್ತಿರ.