ಮಗಳಿಗೆ ಕಲಿಸಿದ ಗಂಟು

ಆಗ ನನಗೆ ನಲವತ್ತೇಳು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಲಂಡನ್ನಿನ ಗ್ರೀನ್‌ಫರ್ಡ್‌ನ ಒಂದು ಗೋದಾಮಿನಲ್ಲಿ ಹರಿದ ಪರ್ಷಿಯನ್ ರತ್ನಗಂಬಳಿ ರಿಪೇರಿ ಮಾಡುವ ಕೆಲಸ ನನ್ನದು. ಮನೆಯ ಮುಂದಿನ ರೂಮಿನಲ್ಲೂ ಒಂದು ಮಗ್ಗ ನಿಲ್ಲಿಸಿದ್ದೆ. ಸೋಫಾಕ್ಕೆ ಜಾಗ ಇರಲಿಲ್ಲ. ಬಂದವರು ನೆಲದ ಮೇಲೆ ಕೂರುತ್ತಿದ್ದರು, ಇಲ್ಲವೇ ಹೋಗುತ್ತಿದ್ದರು.

ನಮ್ಮ ಜೊತೆಗಿದ್ದ ಅತ್ತೆ ನವಲಗುಂದದವರು. ನನಗೆ ಜಮಖಾನ ನೇಯುವುದನ್ನು ಕಲಿಸಿದವರು ಅವರೇ. ತಾವು ಹೆತ್ತ ಹೆಣ್ಣುಮಕ್ಕಳಿಗೆ ಕಲಿಸಲಿಲ್ಲ. ಆ ಮನೆಯ ಕಟ್ಟಳೆ ಹಾಗೆ. ಸೊಸೆಗೆ ಕಲಿಸಬೇಕು, ಮಗಳಿಗೆ ಕೂಡದು. ಮಗಳು ಬೇರೆ ಮನೆಗೆ ಹೋದರೆ ಕಸುಬೂ ಅವಳ ಹಿಂದೆಯೇ ಹೋಗುತ್ತದೆ. ನನಗೆ ಗಂಡುಮಕ್ಕಳಿಲ್ಲ, ಸೊಸೆ ಎಲ್ಲಿಂದ ಬರಬೇಕು? ಇದ್ದವಳು ಒಬ್ಬಳೇ ಮಗಳು. ಸಟನ್‌ನ ಹುಡುಗನ ಜೊತೆ ಮದುವೆ ಗೊತ್ತಾದ ಮೇಲೆ ಅವಳಿಗೆ ಮಗ್ಗದ ಹುಚ್ಚು ಹಿಡಿಯಿತು.

ಒಂದು ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡೆ. ಮೇಲಿಂದ ಕೆಳಗೆ ಬಿಗಿದ ಹತ್ತಿ ನೂಲಿನಲ್ಲಿ ಎರಡು ಹಿಡಿ, ಉಣ್ಣೆ ಎಳೆ ಸುತ್ತಿ ಮುಂದಕ್ಕೆ ಜಗ್ಗು, ಚಾಕುವಿನಿಂದ ಕೊಯ್ಯಿ. ಅಷ್ಟಕ್ಕೆ ಒಂದು ಗಂಟು. ಸಾಲು ತುಂಬಿದ ಮೇಲೆ ಅಡ್ಡ ನೂಲು ಹಾಯಿಸಿ, ಬಾಚಣಿಗೆಯಂಥ ಕಬ್ಬಿಣದ ಪಂಜದಿಂದ ಗುದ್ದಬೇಕು. ಅವಳು ಮೆಲ್ಲಗೆ ಗುದ್ದಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವವಳ ಕೈ. ಪಂಜ ಕಸಿದುಕೊಂಡು ಹೇಗೆಂದು ತೋರಿಸಿದೆ.

ಸದ್ದಿಗೆ ಅತ್ತೆ ಅಡುಗೆಮನೆಯಿಂದ ಬಂದರು.

"ಏನ್ ನಡಸಿದಿ? ಮುಂದಿನ ತಿಂಗಳ ಮಂದಿ ಮನಿ ಸೇರಾಕಿ ಅಕಿ."

"ಸೇರ್ಲಿ ಬಿಡ್ರಿ. ಕೈ ಇಲ್ಲೇ ಬಿಟ್ಟ ಹೋಗ್ತಾಳೇನು?"

ಮಗಳಿಗೆ ಎದ್ದೇಳು ಎಂದರು ಅತ್ತೆ. ಅವಳು ಇಂಗ್ಲಿಷಿನಲ್ಲಿ, ಜಗಳ ಬೇಡ, ಬಿಟ್ಟುಬಿಡು ಎಂದು ಅರ್ಧ ಎದ್ದಳು. ಭುಜ ಒತ್ತಿ ಕೂರಿಸಿದೆ. ಈಕೆ ಮಗ್ಗ ಮುಟ್ಟಿದರೆ ತಾವು ಈ ಮನೆಯ ಅನ್ನ ಮುಟ್ಟುವುದಿಲ್ಲ ಎಂದು ಅತ್ತೆ ಆಣೆ ಹಾಕಿದರು. ನನ್ನ ಗಂಡ ಪೇಪರ್ ಹಿಡಿದು ಹಿತ್ತಲಿಗೆ ಹೋದ.

"ಜಮಖಾನ ನಿಮ್ದು ಅತ್ತಿ, ಅದನ್ನ ಕಲ್ಸಂಗಿಲ್ಲ," ಎಂದೆ. "ಈ ಗಂಟು ಗೋದಾಮಿನ್ಯಾಗ ಇರಾನದಾಕಿ ಕಲ್ಸಿದ್ದು. ನೀ ಯಾರ ಸೊಸಿ ಅಂತ ಅಕಿ ಕೇಳ್ಲಿಲ್ಲ."

"ಪಂಜ ಹಿಡಿಯೂದು ಯಾರ್ ಕಲ್ಸಿದ್ರು?"

ಅದು ನಿಜವಾದ ಮಾತು. ಜಮಖಾನಕ್ಕೂ ಅದೇ ಪಂಜ, ಅದೇ ಗುದ್ದು.

"ನೀವೇ ಕಲ್ಸೀರಿ. ಅದನ್ನೂ ಕೊಡ್ತೀನಿ."

ಅತ್ತೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ರಾತ್ರಿ ಊಟ ಮಾಡಲಿಲ್ಲ. ನಾನು ಮಾಡಿದೆ. ಹಸಿದು ಕೂತರೆ ಸೊಸೆ ಮಣಿಯುತ್ತಾಳೆ ಅನ್ನುವುದು ಅವರು ತಮ್ಮ ಅತ್ತೆಯಿಂದ ಕಲಿತಿದ್ದು. ಆ ವಿದ್ಯೆ ನನ್ನ ಹತ್ತಿರ ನಡೆಯಲಿಲ್ಲ.

ಮರುದಿನ ಬೆಳಿಗ್ಗೆ ಅವರ ಬಾಗಿಲ ಮುಂದೆ ಚಹಾ ಇಟ್ಟೆ. ಅರ್ಧ ನೇಯ್ದಿದ್ದ ನನ್ನ ರತ್ನಗಂಬಳಿಯನ್ನು ಮಗ್ಗದಿಂದ ಕತ್ತರಿಸಿ ತೆಗೆದು, ಮಗಳಿಗೆಂದು ಹೊಸ ನೂಲು ಬಿಗಿದೆ.