ಮುಟ್ಟದೇ ಹೋದ ಹಗ್ಗ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳು. ಅವರ ಎದುರಿಗಲ್ಲ, ಮನೆಗೆ ಬಂದ ಮೇಲೆ. ನನ್ನ ಕೆಲಸವೇ ಹಾಗಿದೆ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವವಳು ನಾನು. ಮನುಷ್ಯರ ತಲೆಬುರುಡೆಯೊಳಗೆ ಏನಿದೆ, ಏನಿಲ್ಲ ಎಂಬುದನ್ನು ದಿನವೂ ಕಪ್ಪು ಬಿಳುಪಿನಲ್ಲಿ ನೋಡುತ್ತೇನೆ. ದೆವ್ವ, ಹಿಂದಿನ ಜನ್ಮ ಇವಕ್ಕೆಲ್ಲ ಅಲ್ಲಿ ಜಾಗ ಕಂಡದ್ದಿಲ್ಲ. ಈಗ ನಂಬುತ್ತೀಯಾ ಎಂದು ಕೇಳಿದರೆ ಹೌದು ಎನ್ನಲು ಬಾಯಿ ಬರುವುದಿಲ್ಲ. ಆದರೆ ಇಲ್ಲ ಎನ್ನುವಾಗ ಮೊದಲಿದ್ದ ಗಟ್ಟಿತನವೂ ಉಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ಹೊಳೆದರೆ ಸರಿ.

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಹುಬ್ಬಳ್ಳಿಯಿಂದ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದಿದ್ದೆ. ವಿಸಿಟರ್ ವೀಸಾ, ಆರು ತಿಂಗಳು. ಅವರ ಮರೆವು ಆಗಲೇ ಬಹಳ ದೂರ ಹೋಗಿತ್ತು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಇಡೀ ಟೈಮ್ ಟೇಬಲ್ ಬಾಯಿಪಾಠ ಹೇಳುತ್ತಿದ್ದವರು, ಬಾತ್‌ರೂಮಿನ ಬಾಗಿಲು ಯಾವುದೆಂದು ತಿಳಿಯದೆ ಹಾಲಿನ ನಡುವೆ ನಿಂತುಬಿಡುತ್ತಿದ್ದರು. ನಾನು ಯೂನಿಫಾರ್ಮಿನಲ್ಲಿ ಮನೆಗೆ ಬರುವುದನ್ನು ನೋಡಿ ನನ್ನನ್ನು ನರ್ಸ್ ಎಂದು ತಿಳಿದರು. "ಸಿಸ್ಟರ್, ಚೂರು ನೀರು ಕೊಡ್ರಿ" ಎನ್ನುವರು. ಯೂನಿಫಾರ್ಮ್ ಬಿಚ್ಚಿ ಸೀರೆ ಉಟ್ಟು ಎದುರಿಗೆ ಕೂತರೂ ಸಿಸ್ಟರೇ. ನನಗೆ ಸಂಕಟವಾಗುತ್ತಿದ್ದದ್ದು ಸಿಸ್ಟರ್ ಎಂದದ್ದಕ್ಕಲ್ಲ, 'ಕೊಡ್ರಿ' ಎಂದದ್ದಕ್ಕೆ. ಹುಟ್ಟಿದಾಗಿನಿಂದ ನನ್ನನ್ನು 'ನೀ' ಎಂದವರು ಈಗ 'ನೀವು' ಎನ್ನುತ್ತಿದ್ದರು. ಹೊರಗಿನವರಿಗೆ ಕೊಡುವ ಮರ್ಯಾದೆಯನ್ನು ನನಗೆ ಕೊಡುತ್ತಿದ್ದರು.

ವೀಸಾ ಮುಗಿಯುತ್ತ ಬಂತು. ಮುಂದೆ ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ಇರುವುದೆಂದು ಗೊತ್ತಾಗಿತ್ತು. ಹೋಗುವುದರೊಳಗೆ ಒಂದು ಸಲವಾದರೂ ನನ್ನನ್ನು ಗುರುತು ಹಿಡಿಯಲಿ ಎಂಬುದಷ್ಟೇ ನನ್ನ ಆಸೆ. ಹಳೆಯ ಫೋಟೋ ತೋರಿಸಿದೆ. ಅವ್ವ ಮಾಡುತ್ತಿದ್ದ ಝುಣಕ ಮಾಡಿ ಹಾಕಿದೆ. ಏನೂ ಆಗಲಿಲ್ಲ.

ಮೇ ತಿಂಗಳಲ್ಲಿ ಬ್ಯಾಂಕ್ ಹಾಲಿಡೇ ಬಂದಾಗ ನನ್ನ ಗಂಡ ಪ್ರಕಾಶ್, "ಮನೇಲೇ ಕೂತ್ಕೊಂಡು ಅವರ ಮುಖ ನೋಡ್ಕೊಂಡು ಅಳ್ತಾ ಇರ್ತೀಯಾ? ಐಲ್ ಆಫ್ ವೈಟ್‌ಗೆ ಹೋಗ್ಬರೋಣ, ನಡಿ" ಎಂದ. ಕಾರನ್ನು ಫೆರ್ರಿಗೆ ಹಾಕಿಕೊಂಡು ಆ ದ್ವೀಪಕ್ಕೆ ಹೋದೆವು. ಅಪ್ಪನಿಗೆ ನೀರೆಂದರೆ ಭಯ. ಒಮ್ಮೆ ಗೋಕರ್ಣಕ್ಕೆ ಹೋದಾಗಲೂ ಪಾದ ತೋಯಿಸಿಕೊಂಡು ಹಿಂದೆ ಬಂದವರು. ಸಮುದ್ರವೆಂದರೆ ಅವರು ನೋಡಿದ್ದು ಅಷ್ಟೇ. ಫೆರ್ರಿಯಲ್ಲಿ ನನ್ನ ತೋಳು ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ಬೆಳಿಗ್ಗೆ ಅಲ್ಲಿನ ಕೋಟೆ ನೋಡಿದೆವು. ಒಂದು ದೊಡ್ಡ ಮರದ ಚಕ್ರದೊಳಗೆ ಕತ್ತೆ ನಡೆದು ಬಾವಿಯಿಂದ ನೀರೆತ್ತುವುದನ್ನು ತೋರಿಸುತ್ತಾರೆ. ಜನ ಚಪ್ಪಾಳೆ ತಟ್ಟಿದರು. "ಅಪ್ಪಾ, ಕತ್ತಿ ನೋಡ್ರಿ" ಎಂದೆ. "ಹೌದ್ರಿ" ಎಂದು ನೆಲ ನೋಡುತ್ತ ನಿಂತರು. ಮಧ್ಯಾಹ್ನ ಊಟ ಮುಗಿಸಿ ದ್ವೀಪದ ನೈಋತ್ಯದ ಕರಾವಳಿಗೆ ಹೊರಟೆವು. ಹಡಗುಗಳು ಒಡೆಯುವುದಕ್ಕೆ ಹೆಸರಾದ ದಡ ಅದು. ಪ್ರಕಾಶ್ ಕಾರು ಓಡಿಸುತ್ತ ಅಷ್ಟನ್ನೇ ಹೇಳಿದ, ಅದೂ ಇಂಗ್ಲಿಷಿನಲ್ಲಿ, ನನಗೆ. ಅಪ್ಪ ಹಿಂದಿನ ಸೀಟಿನಲ್ಲಿ ನಿದ್ದೆಯಲ್ಲಿದ್ದರು.

ಕಾರು ನಿಲ್ಲಿಸುವ ಹೊತ್ತಿಗೆ ಸಮುದ್ರದ ಕಡೆಯಿಂದ ಮಂಜು ಏರಿ ಬಂದಿತ್ತು. ನಡು ಮಧ್ಯಾಹ್ನ, ಆದರೂ ಇಪ್ಪತ್ತು ಮಾರು ಆಚೆಗೆ ಎಲ್ಲ ಬಿಳುಪು. ನಾವು ನಿಂತದ್ದು ಸಮುದ್ರಕ್ಕೆ ಕಡಿದಾಗಿ ಇಳಿಯುವ ಎತ್ತರದ ದಂಡೆಯ ಮೇಲೆ. ಅಂಚಿನ ಹುಲ್ಲಿನಲ್ಲಿ ಗುಲಾಬಿ ಬಣ್ಣದ ಸಣ್ಣ ಹೂಗಳಿದ್ದವು. ಮೇಲೆಲ್ಲೋ ಒಂದು ಹಕ್ಕಿ ಎಡೆಬಿಡದೆ ಕೂಗುತ್ತಿತ್ತು. ಕೆಳಗೆ ಅಲೆಗಳ ಸದ್ದು ಕೇಳುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ಪ್ರಕಾಶ್ ಚಹಾ ತರಲು ಅಲ್ಲೇ ನಿಂತಿದ್ದ ಚಹಾ ಮಾರುವ ವ್ಯಾನಿನ ಕಡೆ ಹೋದ. ನಾನು ಡಿಕ್ಕಿಯಿಂದ ಅಪ್ಪನ ಶಾಲು ತೆಗೆದು ತಿರುಗುವಷ್ಟರಲ್ಲಿ ಕಾರಿನ ಬಾಗಿಲು ತೆರೆದಿತ್ತು. ತಿಂಗಳುಗಟ್ಟಲೆ ತಾವಾಗಿ ಒಂದು ಬಾಗಿಲು ತೆರೆಯದಿದ್ದವರು ಇಳಿದು, ಹುಲ್ಲಿನ ಮೇಲೆ ಸರಸರನೆ ನಡೆದು ಹೋಗುತ್ತಿದ್ದರು. ಕಾಲೆಳೆಯುವ ಆ ನಡಿಗೆ ಎಲ್ಲಿ ಹೋಯಿತೋ. ನಾನು ಓಡಬೇಕಾಯಿತು.

ದಂಡೆಯ ಅಂಚಿನಲ್ಲಿ ತಂತಿ ಬೇಲಿ ಇತ್ತು. ಅದಕ್ಕೆ ಎದೆ ತಾಗಿಸಿ ನಿಂತಿದ್ದರು. ನನ್ನ ಕಡೆ ತಿರುಗದೆ ಕೇಳಿದರು, "ಪಾವಟಿಗಿ ಎಲ್ಲಿ ಹೋದ್ವು?"

"ಯಾವ ಪಾವಟಿಗಿ, ಅಪ್ಪಾ? ಇಲ್ಲಿ ಮೆಟ್ಟಿಲೇನೂ ಇಲ್ಲಲ್ಲ."

"ಇದ್ವು. ಇಲ್ಲಿಂದನ ಇಳೀತಿದ್ವಿ." ಕೈ ಎತ್ತಿ ಮಂಜಿನೊಳಗೆ, ಸ್ವಲ್ಪ ಎಡಕ್ಕೆ ತೋರಿಸಿದರು. "ಅಲ್ಲಿ ಸಾಲಾಗಿ ಕಲ್ಲು ಅದಾವ. ನೀರು ತುಂಬಿದಾಗ ಕಾಣೂದಿಲ್ಲ. ಹಡಗ ಅದರ ಮ್ಯಾಲೇ ಕುಂತಿತ್ತು. ಅದರಾಗಿನ ಮಂದಿ ಮಾರಿ ಸೈತ ಕಾಣ್ತಿದ್ವು, ಅಷ್ಟು ಸನೇಕ. ಹಗ್ಗ ಒಗದೆ. ಮತ್ತ ಒಗದೆ. ಗಾಳಿ ಹಿಂದಕ ತರತಿತ್ತು. ಮುಟ್ಟಲೇ ಇಲ್ಲ. ಸಂಜೀತನಕ ಒದರಿದ್ರು. ಆಮ್ಯಾಲೆ ಒದರೂದು ನಿಂತತು."

ಓದುಗರು ಇದನ್ನು ಗಮನಿಸಬೇಕು. ಆರು ತಿಂಗಳಲ್ಲಿ ಅಪ್ಪ ಒಟ್ಟಿಗೆ ಎರಡು ವಾಕ್ಯ ಆಡಿದವರಲ್ಲ. ಈಗ ಒಂದು ಮಾತೂ ತಡವರಿಸಲಿಲ್ಲ. ಭಾಷೆ ನಮ್ಮ ಮನೆಯದೇ, ಧ್ವನಿ ಅವರದೇ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೆ ಹೆದರಿಕೆ ಆಗಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ. ಹಡಗು, ಹಗ್ಗ ಯಾವುದೂ ನನ್ನ ತಲೆಗೆ ಹೋಗಲೇ ಇಲ್ಲ. ಅಪ್ಪ ಮಾತಾಡುತ್ತಿದ್ದಾರೆ, ಅಪ್ಪ ತಿರುಗಿ ಬಂದರು ಎಂಬುದೊಂದೇ ಇತ್ತು.

ಆಮೇಲೆ ಅವರು ನನ್ನ ಕಡೆ ತಿರುಗಿದರು. ಮುಖವನ್ನು ದಿಟ್ಟಿಸಿ ನೋಡಿದರು. ನನ್ನ ಕೈಯಲ್ಲಿದ್ದ ಶಾಲನ್ನು ತೆಗೆದುಕೊಂಡು ನನಗೇ ಹೊದಿಸಿ, ಎರಡೂ ತುದಿಗಳನ್ನು ಗದ್ದದ ಕೆಳಗೆ ಬಿಗಿಯಾಗಿ ಹಿಡಿದರು.

"ತೊಯ್ಕೊಂಡಿಯಲ್ಲವಾ ನೀ" ಎಂದರು.

ನೀ! ಆ ಒಂದು ಅಕ್ಷರಕ್ಕೆ ನಾನು ಆರು ತಿಂಗಳು ಕಾದಿದ್ದೆ. ಅವರ ಕೈ ಮೇಲೆ ಕೈ ಇಟ್ಟು ಕೇಳಿದೆ, "ಅಪ್ಪಾ, ನಾ ಯಾರು ಹೇಳ್ರಿ?"

ಅಷ್ಟು ಕರುಣೆಯಿಂದ ಅಪ್ಪ ನನ್ನನ್ನು ಎಂದೂ ನೋಡಿರಲಿಲ್ಲ, ಸಣ್ಣವಳಿದ್ದಾಗ ಜ್ವರ ಬಂದಾಗಲೂ.

"ಆ ಹಡಗಿನಾಕಿ ಅಲ್ಲೇನು ನೀ? ಇರ್ಲಿ ಬಿಡು. ನೀ ಒಬ್ಬಾಕಿಯಾದ್ರೂ ದಡಕ್ಕ ಬಂದ್ಯಲ್ಲ."

ನಾನು ಅಲ್ಲ ಎನ್ನಲಿಲ್ಲ. "ಹೂಂ, ಬಂದೆ" ಎಂದೆ. ಅವರು ನಿರಾಳವಾಗಿ ಉಸಿರು ಬಿಟ್ಟರು. ಹೆಗಲು ಇಳಿಯಿತು.

ಪ್ರಕಾಶ್ ಚಹಾದ ಕಪ್ಪುಗಳನ್ನು ಹಿಡಿದು ಬಂದಾಗ ನಾವಿಬ್ಬರೂ ಹಾಗೇ ನಿಂತಿದ್ದೆವು. ಅವನ ಹಿಂದೆಯೇ ನಾಯಿ ಕರೆದುಕೊಂಡು ಆ ಊರಿನ ಮುದುಕಿಯೊಬ್ಬಳು ಬಂದಳು. ನಾನು ಅಳುವುದನ್ನು ಕಂಡು ನಿಂತು, ಏನಾಯಿತೆಂದು ವಿಚಾರಿಸಿದಳು. ಏನೂ ಇಲ್ಲವೆಂದು ಹೇಳಿ, ಸುಮ್ಮನೆ ಕೇಳುವವಳ ಹಾಗೆ, ಇಲ್ಲಿ ಹಿಂದೆ ಮೆಟ್ಟಿಲು ಇತ್ತೇ ಎಂದೆ. ಇತ್ತಂತೆ. ಅವಳು ಹುಟ್ಟುವ ಮೊದಲೇ ದಂಡೆ ಕುಸಿದು ಹೋಯಿತಂತೆ, ಅವಳ ಅಜ್ಜಿ ಹೇಳುತ್ತಿದ್ದಳಂತೆ. ಇಲ್ಲಿನ ಮಣ್ಣು ನಿಲ್ಲುವುದಿಲ್ಲ, ವರ್ಷ ವರ್ಷವೂ ಸಮುದ್ರ ಒಂದಿಷ್ಟು ತಿನ್ನುತ್ತದೆ ಎಂದಳು. ಹಡಗುಗಳ ಮಾತು ತೆಗೆದೆ. ಎಷ್ಟೋ ಒಡೆದಿವೆ, ಎಲ್ಲವೂ ಯಾರಿಗೆ ನೆನಪಿರುತ್ತದೆ ಎಂದಳು. ಒಂದು ಮಾತ್ರ ದಡಕ್ಕೆ ಬಹಳ ಹತ್ತಿರ ಸಿಕ್ಕಿಕೊಂಡಿತ್ತಂತೆ. ಊರಿನವರು ಇಡೀ ದಿನ ಹಗ್ಗ ಎಸೆದರಂತೆ.

"ಯಾರಾದರೂ ಬದುಕಿದರಾ?" ಎಂದು ಕೇಳಿದೆ.

"ಇಲ್ಲಮ್ಮ, ಒಬ್ಬರೂ ಇಲ್ಲ" ಎಂದಳು.

ನಾವು ಮಾತಾಡುತ್ತಿರುವಾಗಲೇ ಗಾಳಿ ತಿರುಗಿ ಮಂಜು ಹರಿಯಿತು. ಇಳಿತದ ಹೊತ್ತು. ಸ್ವಲ್ಪ ಎಡಕ್ಕೆ, ಅಪ್ಪ ಬೆರಳು ಮಾಡಿದ ಕಡೆಯೇ, ನೀರಿನಿಂದ ಕರಿಯ ಕಲ್ಲುಗಳ ಸಾಲು ಮೇಲೆದ್ದಿತ್ತು. ಅದರ ಮೇಲೆ ನೊರೆ ಒಡೆಯುತ್ತಿತ್ತು. ನಾನು ಅಪ್ಪನ ಮುಖ ನೋಡಿದೆ. ಅವರು ಚಹಾದ ಕಪ್ಪಿನೊಳಗೆ ನೋಡುತ್ತಿದ್ದರು. "ಸಿಸ್ಟರ್, ಥಂಡಿ ಆಗಾಕತ್ತದ. ಹೋಗೂಣ್ರಿ" ಎಂದರು.

ಕಾರಿನ ತನಕ ಕಾಲೆಳೆಯುತ್ತಲೇ ಬಂದರು.

ಪ್ರಕಾಶನ ಬಳಿ ಇದಕ್ಕೆ ವಿವರಣೆ ಇದೆ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಅಪ್ಪನನ್ನು ನೋಡಿಕೊಳ್ಳಲು ಬರುತ್ತಿದ್ದವಳು ಟೀವಿ ಹಚ್ಚಿಯೇ ಇಡುತ್ತಿದ್ದಳು, ಯಾವುದೋ ಕಾರ್ಯಕ್ರಮದಲ್ಲಿ ನೋಡಿರುತ್ತಾರೆ, ಅಷ್ಟೇ ಎನ್ನುತ್ತಾನೆ. ಇರಬಹುದು. ನಾನೇ ಬೇರೆಯವರಿಗೆ ಹೇಳುವುದಾದರೆ ಅದನ್ನೇ ಹೇಳುತ್ತಿದ್ದೆ. ಆದರೆ ಅಪ್ಪನ ಮಿದುಳಿನ ಸ್ಕ್ಯಾನನ್ನು ನಾನು ನೋಡಿದ್ದೇನೆ. ಹೆಂಡತಿ ಸತ್ತದ್ದು ನಿಲ್ಲದ ಜಾಗ ಅದು. ಮಗಳ ಹೆಸರು ನಿಲ್ಲದ ಜಾಗ. ಅಲ್ಲಿ ಟೀವಿಯ ಒಂದು ಮಧ್ಯಾಹ್ನ ಹೇಗೆ ನಿಂತಿತು? ನಿಂತದ್ದೇ ಹೌದಾದರೆ, ನಾನು ಏಕೆ ನಿಲ್ಲಲಿಲ್ಲ?

ಆ ತಿಂಗಳ ಕೊನೆಗೆ ಅಣ್ಣ ಬಂದು ಅವರನ್ನು ಕರೆದುಕೊಂಡು ಹೋದ. ಹೀಥ್ರೋದಲ್ಲಿ ನನಗೆ ಕೈ ಮುಗಿದು, "ಭಾಳ ತ್ರಾಸು ತಗೊಂಡ್ರಿ" ಎಂದರು. ಶ್ರಾವಣದಲ್ಲಿ ಹೋಗಿಬಿಟ್ಟರು. ಕಡೆಯ ದಿನಗಳಲ್ಲಿ ಏನಾದರೂ ಮಾತಾಡಿದರೇ ಎಂದು ಅಣ್ಣನನ್ನು ಎಷ್ಟೋ ಸಲ ಕೇಳಿದೆ. ಇಲ್ಲವಂತೆ.

ಮರುವರ್ಷ ಒಬ್ಬಳೇ ಆ ದಂಡೆಗೆ ಹೋದೆ. ಯಾಕೆ ಹೋದೆನೆಂದು ಪ್ರಕಾಶನಿಗೂ ಹೇಳಿಲ್ಲ. ಬಿಸಿಲಿತ್ತು, ಸಮುದ್ರ ನಿಚ್ಚಳವಾಗಿ ಕಾಣುತ್ತಿತ್ತು. ಬೇಲಿಯನ್ನು ಒಳಕ್ಕೆ ಸರಿಸಿ ಹೊಸದಾಗಿ ಹಾಕಿದ್ದರು. ಚಳಿಗಾಲದಲ್ಲಿ ದಂಡೆ ಮತ್ತೆ ಕುಸಿದಿತ್ತು. ಅಪ್ಪ ನನಗೆ ಶಾಲು ಹೊದಿಸಿದ ಜಾಗದಲ್ಲಿ ಈಗ ಬರೀ ಗಾಳಿ. ನಾಚಿಕೆ ಬಿಟ್ಟು, "ಅಪ್ಪಾ, ನಾ ಬಂದೀನಿ" ಎಂದು ಗಟ್ಟಿಯಾಗಿ ಕೂಗಿದೆ. ಕಲ್ಲುಗಳ ಮೇಲಿದ್ದ ಹಕ್ಕಿಗಳು ಎದ್ದು ಮತ್ತೆ ಕೂತವು.

ಯಾರು ಎಲ್ಲಿಂದ ಬಂದು ಅಪ್ಪನ ಬಾಯಲ್ಲಿ ಮಾತಾಡಿದರೋ, ಅಥವಾ ಯಾರೂ ಬಂದಿರಲಿಲ್ಲವೋ, ನನಗೆ ಇಂದಿಗೂ ತಿಳಿದಿಲ್ಲ. ತಿಳಿದಿರುವುದು ಇಷ್ಟು: ಆ ದಂಡೆಯ ಮೇಲೆ ಅಪ್ಪ ನೆಮ್ಮದಿಯಿಂದ ಉಸಿರು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅದು ನಾನು ಅವರ ಮಗಳಲ್ಲ ಎಂದು ಒಪ್ಪಿಕೊಂಡ ಗಳಿಗೆ.