ಗೆರೆ ದಾಟದ ನಾಯಿ

ಮೊನ್ನೆ ನಮ್ಮ ಬೀದಿಯ ಚರಂಡಿಗೆ ಬಿಳಿ ಪುಡಿ ಚೆಲ್ಲಿ ಹೋದರು. ಮೊಮ್ಮಗಳು ಸಾಕಿಕೊಂಡಿರುವ ನಾಯಿಮರಿ ಅದನ್ನು ತುಳಿದುಕೊಂಡು ಬಂದು ಪಡಸಾಲೆಯ ಕರಿಬಂಡೆಯ ಮೇಲೆ ಓಡಾಡಿತು. ಬಾಗಿಲಿನಿಂದ ಅಡುಗೆಮನೆಯ ತನಕ ಬಿಳಿ ಹೆಜ್ಜೆ. ಮೊಮ್ಮಗಳಿಗೆ ನಗುವೋ ನಗು. ನಾನು ಮಾತ್ರ ಕುಳಿತಲ್ಲೇ ಕುಳಿತುಬಿಟ್ಟೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ತಳವಾರ ಮಾವ ಕಣ್ಣ ಮುಂದೆ ಬಂದು ನಿಂತ.

ಅವನು ನನಗೆ ಬಂಧುವಲ್ಲ. ಊರು ಕಾಯುವ ತಳವಾರ, ಹೆಂಡತಿ ಸತ್ತ ಒಂಟಿ ಮನುಷ್ಯ. ಆದರೆ ಗಂಡನ ಊರಿನ ಹಿರಿಯ ಗಂಡಸರೆಲ್ಲ ಸೊಸೆಗೆ ಮಾವಂದಿರೇ ಅಲ್ಲವೇ, ಹಾಗೆ ಅವನೂ ಮಾವ. ಹೊಳಗುಂದದಿಂದ ಆಲೂರಿನ ಮಗ್ಗುಲ ಆ ಊರಿಗೆ ನಾನು ಸೊಸೆಯಾಗಿ ಬಂದಾಗ ನನಗೆ ಹದಿನಾರು. ಕಳುಹಿಸಿಕೊಟ್ಟ ದಿನ ತವರಿನ ನಾಯಿ ಕೆಂಚ ಬಂಡಿಯ ಹಿಂದೆಯೇ ಬಂತು. ಎರಡು ಸಲ ಕಲ್ಲು ಬೀರಿ ಅಟ್ಟಿದರೂ ಬಿಡಲಿಲ್ಲ. ನನ್ನನ್ನು ಬಿಟ್ಟಿರಲಾರದೆ ಬಂತು ಎಂದು ನಾನು ಬಂಡಿಯಲ್ಲೇ ಅತ್ತುಬಿಟ್ಟೆ. ನಮ್ಮತ್ತೆ ಹೊಸ್ತಿಲಲ್ಲೇ ಅಂದರು: "ಮಂದಿ ಸೊಸೆಂದ್ರು ಬಂಗಾರ ತರ್ತಾರ. ನಮ್ಮಾಕಿ ನಾಯಿ ತಂದಾಳ." ಆ ಮಾತನ್ನು ಅವರು ಸಾಯುವ ತನಕ ಬಿಡಲಿಲ್ಲ. ಕೆಂಚನಿಗೆ ಮೊದಲ ದಿನ ರೊಟ್ಟಿಯ ಚೂರು ಹಾಕಿದವನು ತಳವಾರ ಮಾವ. ಅವನದೂ ಒಂದು ನಾಯಿ ಇತ್ತು, ಕರಿಯ ಅಂತ. ಹೆಸರಿಗೆ ತಕ್ಕ ಬಣ್ಣ.

ಆ ವರ್ಷ ಜೋಳದ ಕೊಯ್ಲು ಮುಗಿಯುತ್ತಿದ್ದಂತೆ ಊರಲ್ಲಿ ಇಲಿ ಸತ್ತು ಬೀಳತೊಡಗಿದವು. ಇಲಿ ಬಿದ್ದರೆ ಪ್ಲೇಗು, ಪ್ಲೇಗು ಬಂದರೆ ಊರು ಬಿಡಬೇಕು. ಹಳಬರಿಗೆ ಅದು ಹೊಸದಲ್ಲ. ನನಗೂ ಕೆಂಚನಿಗೂ ಬಯಲಲ್ಲಿ ಬಿಡಾರ ಹೂಡುವುದು ಅದೇ ಮೊದಲು. ಹಳ್ಳದ ದಂಡೆಯ ಹೊಲದಲ್ಲಿ ಜೋಳದ ಸೊಪ್ಪೆಯ ಗುಡಿಸಲು ಕಟ್ಟಿದರು. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಗಿತ್ತು. ಊರಲ್ಲಿ ಮೂರು ಹೆಣ ಬಿದ್ದಿದ್ದವು, ನಾನು ಗುಡಿಸಲಿಗೆ ಸಾರಿಸಿ ರಂಗೋಲಿ ಹಾಕುತ್ತಿದ್ದೆ.

ನಾಯಿಗಳನ್ನು ಬಿಡಾರಕ್ಕೆ ತರಬೇಕೋ ಬೇಡವೋ ಎಂದು ಜಗಳವೇ ಆಯಿತು. ನಾಯಿಗೆ ಮನೆಯ ನೆನಪು ಜಾಸ್ತಿ, ಊರಿಗೆ ಹೋಗಿ ಸತ್ತ ಇಲಿ ಮೂಸಿ ಮತ್ತೆ ಬರುತ್ತದೆ, ಜಡ್ಡು ತರುತ್ತದೆ ಎಂದು ಊರ ಹಿರಿಯನ ವಾದ. ತಳವಾರ ಮಾವ ಒಪ್ಪಲಿಲ್ಲ.

"ತ್ವಾಳ ಬಂದ್ರ ಯಾರು ಬೊಗಳ್ಬೇಕ್ರಿ, ನೀವಾ? ಎರಡು ನಾಯಿ ಇರ್ಲಿ. ನಂದೊಂದು, ಹೊಳಗುಂದದ್ದೊಂದು. ಕಟ್ಟಿ ಹಾಕ್ತೀವಿ."

"ಊರಿಗೆ ದಾಟಿದ್ರ?"

"ದಾಟಿದ್ರ ನಾನಾ ಹೊಡಿತೀನಿ."

ಕೆಂಚ ಉಳಿದದ್ದು ಆ ಒಂದು ಮಾತಿನಿಂದ. ಹಿರಿಯ ತನ್ನದೂ ಒಂದು ಷರತ್ತು ಸೇರಿಸಿದ: ದಾಟಿದ ನಾಯಿಯ ಮನೆಯವರು ಬಿಡಾರ ಮುಗಿಯುವ ತನಕ ಹಳ್ಳದಾಚೆ ಒಂಟಿ ಗುಡಿಸಲಲ್ಲಿ ಇರಬೇಕು. ಊರಿಗೂ ಬಿಡಾರಕ್ಕೂ ನಡುವೆ ದಾರಿಗೆ ಅಡ್ಡವಾಗಿ ಹಳ್ಳದಿಂದ ಬೇಲಿಯ ತನಕ ತಳವಾರ ಮಾವ ದಿನಾ ಸುಣ್ಣದ ಪುಡಿಯ ಅಗಲ ಗೆರೆ ಎಳೆಯುತ್ತಿದ್ದ. ದಾಟಿದ ಕಾಲು ಬೆಳ್ಳಗಾಗಿ ಸಿಕ್ಕಿಬೀಳಲಿ ಎಂದು. ಊರಲ್ಲಿ ಬಿಟ್ಟು ಬಂದ ನಾಯಿಗಳು ಒಡೆಯರನ್ನು ಹುಡುಕಿಕೊಂಡು ಬರುತ್ತಿದ್ದವು. ಬಾಲ ಆಡಿಸುತ್ತಲೇ ಬರುತ್ತಿದ್ದವು. ಮಾವ ಗೆರೆಯ ಹತ್ತಿರವೇ ಬಡಿಗೆಯಿಂದ ಮುಗಿಸುತ್ತಿದ್ದ. ನಾವು ಗಂಜಿ ಕುಡಿಯುತ್ತ ನೋಡುತ್ತಿದ್ದೆವು. ಯಾರೂ ಊಟ ಬಿಟ್ಟು ಏಳಲಿಲ್ಲ. ಹದಿನೈದು ದಿನಕ್ಕೆ ಬರುವ ನಾಯಿಗಳೇ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಗಂಡ ಹೊಲಕ್ಕೆ, ಅತ್ತೆ ನೀರಿಗೆ ಹೋಗಿದ್ದರು. ಕಟ್ಟಿ ಕಟ್ಟಿ ಕೆಂಚನ ಕುತ್ತಿಗೆ ಹುಣ್ಣಾಗಿತ್ತು. ಒಂದು ಗಳಿಗೆ ಅಂತ ಹಗ್ಗ ಬಿಚ್ಚಿದೆ. ಬಿಚ್ಚಿದ್ದೇ ತಡ, ಅದು ಊರಿನ ಕಡೆಗೆ ಓಡಿತು. ಕೂಗಿದರೆ ಎಲ್ಲರಿಗೂ ತಿಳಿಯುತ್ತದೆ... ಕೂಗಲಿಲ್ಲ. ಹೊತ್ತು ಇಳಿಯುವಾಗ ನಾಲ್ಕೂ ಕಾಲು ಬೆಳ್ಳಗೆ ಮಾಡಿಕೊಂಡು ಬಂತು. ಗೆರೆಯಿಂದ ಗುಡಿಸಲುಗಳ ಸಾಲಿನ ತನಕ ಬಿಳಿ ಹೆಜ್ಜೆ.

ಕೆಂಚನನ್ನು ಒಳಗೆಳೆದು ಕಾಲು ತೊಳೆದೆ, ಕಟ್ಟಿದೆ. ನಮ್ಮ ಗುಡಿಸಲಿನ ಮುಂದಿನ ಹೆಜ್ಜೆಯನ್ನು ಪೊರಕೆಯಿಂದ ಗುಡಿಸಿದೆ. ಆದರೆ ದಾರಿಯ ಮೇಲಿನದನ್ನು ಗುಡಿಸುವಂತಿರಲಿಲ್ಲ, ಅಲ್ಲಿ ಮರದ ಕೆಳಗೆ ಹಿರಿಯ ಮಲಗಿದ್ದ. ಹೆಜ್ಜೆ ಇದೆ ಅಂದಮೇಲೆ ನಾಯಿ ಬೇಕು. ಬಿಡಾರದಲ್ಲಿ ಇದ್ದದ್ದು ಎರಡೇ ನಾಯಿ.

ಮುಂದಿನದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ದೆವ್ವ ಹೊಕ್ಕಿತ್ತು ಎಂದರೆ ದೆವ್ವಕ್ಕೆ ಅವಮಾನ. ತಳವಾರ ಮಾವ ಸೊಪ್ಪೆ ತರಲು ಹೋಗಿದ್ದ. ಅವನ ಗುಡಿಸಲಿನ ಹಿಂದೆ ಸುಣ್ಣದ ಬುಟ್ಟಿ ಇತ್ತು, ಪಕ್ಕದಲ್ಲೇ ಕರಿಯ ಕಟ್ಟಿಹಾಕಿಸಿಕೊಂಡು ಮಲಗಿತ್ತು. ನಾನು ಬುಟ್ಟಿಗೆ ಕೈ ಹಾಕಿದೆ. ಕರಿಯನ ಕಾಲಿಗೆಲ್ಲ ಸುಣ್ಣ ಬಳಿದು, ಹಗ್ಗ ಬಿಚ್ಚಿ ಬಂದೆ.

ಹಿರಿಯ ಎದ್ದು ಹೆಜ್ಜೆ ನೋಡಿ ಗಂಟಲು ಹರಿಯುವಂತೆ ಕೂಗಿದ. ಎಲ್ಲರೂ ಸೇರಿದರು. ಮಾವ ಸೊಪ್ಪೆಯ ಹೊರೆ ಇಳಿಸಿ ಬಂದ. ಬಿಚ್ಚಿಕೊಂಡಿದ್ದ ಕರಿಯ ಎಲ್ಲರ ನಡುವೆ ಹಾಯ್ದು ಅವನ ಕಾಲ ಬಳಿ ಬಂದು ಕುಳಿತಿತು. ಕರಿ ನಾಯಿಗೆ ಬಿಳಿ ಕಾಲು, ಕುರುಡನಿಗೂ ಕಾಣುವಂತಿತ್ತು.

"ನಿಂದಾ ಐತಲ್ಲೋ," ಅಂದ ಹಿರಿಯ. "ಇಂಕೇಮಿ, ಇನ್ನೇನೈತಿ, ಮುಗಿಸು."

ಮಾವ ಕುಕ್ಕರಗಾಲಿನಲ್ಲಿ ಕುಳಿತು ಕರಿಯನ ಕಾಲು ಎತ್ತಿ ನೋಡಿದ. ಬೆರಳ ಸಂದಿಗೆ ಸುಣ್ಣ ಹತ್ತಿರಲಿಲ್ಲ, ಮೇಲೆ ಮೊಣಕಾಲಿನ ತನಕ ಬಳಿದಿತ್ತು. ನಡೆದ ನಾಯಿಯ ಕಾಲು ಹಾಗಿರುವುದಿಲ್ಲ ಎಂಬುದು ಊರೆಲ್ಲ ಹೆಜ್ಜೆ ನೋಡಿ ಕಳ್ಳನನ್ನು ಹಿಡಿಯುವವನಿಗೆ ತಿಳಿಯದೇ? ತಲೆ ಎತ್ತಿ ಒಬ್ಬೊಬ್ಬರನ್ನೇ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅವನ ಕಣ್ಣು ಅಲ್ಲೇ ನಿಂತಿತು.

ಅವನು ಬಾಯಿಬಿಟ್ಟಿದ್ದರೆ ಕೆಂಚ ಸಾಯುತ್ತಿತ್ತು, ನಾವು ಮನೆಯವರೆಲ್ಲ ಹಳ್ಳದಾಚೆಗೆ ಹೋಗುತ್ತಿದ್ದೆವು. ಆಮೇಲೆ ಅತ್ತೆ ನನ್ನನ್ನು ಮನೆಯೊಳಗೆ ಬಿಡುತ್ತಿದ್ದರೋ ಇಲ್ಲವೋ. ಅವನು ಎದ್ದ. ಬಡಿಗೆ ತೆಗೆದುಕೊಂಡು ಕರಿಯನನ್ನು ಕರೆದ. ನನ್ನ ಮಗ್ಗುಲಿಂದ ಹಾದುಹೋಗುವಾಗ ಸಣ್ಣ ದನಿಯಲ್ಲಿ ಅಂದ:

"ಕೈ ತೊಳ್ಕೊ ಹೋಗವ್ವ."

ಬದುವಿನ ಆಚೆ ಒಂದೇ ಏಟು. ಕರಿಯ ಕೂಗಲೂ ಇಲ್ಲ... ಅಥವಾ ಕೂಗಿತೋ, ನಾನು ಕೈ ತೊಳೆಯುತ್ತಿದ್ದೆ.

ಅಂದೇ ಅವನನ್ನು ಹಳ್ಳದಾಚೆ ಹಾಕಿದರು. ಊಟವನ್ನು ಕಲ್ಲಿನ ಮೇಲಿಟ್ಟು ಬರಬೇಕು, ಮುಟ್ಟಬಾರದು. ಇಟ್ಟು ಬರುವ ಕೆಲಸ ಅತ್ತೆ ನನಗೇ ಹೇಳಿದರು. ಒಂದೂವರೆ ತಿಂಗಳು ದಿನಾ ರೊಟ್ಟಿ ಇಟ್ಟೆ. ಅವನು ಅಷ್ಟು ದೂರದಲ್ಲಿ ನಿಂತು "ಉಂಡಿಯೇನವ್ವ?" ಅನ್ನುತ್ತಿದ್ದ. ಹೂಂ ಅನ್ನುತ್ತಿದ್ದೆ. ಹೇಳಬೇಕಾದ ಮಾತನ್ನು ಮರುದಿನ ಹೇಳಿದರಾಯಿತು ಎಂದು ಬಿಡಾರಕ್ಕೆ ತಿರುಗುತ್ತಿದ್ದೆ.

ಊರು ಸೇರಿದ ವಾರಕ್ಕೆ ಯಾರೋ ಹತ್ತಿಯ ಬಂಡಿ ಹೊಡೆದುಕೊಂಡು ಹೋದರು. ಕೆಂಚ ಅದರ ಹಿಂದೆ ಹೋಯಿತು. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡಲಿಲ್ಲ. ಮತ್ತೆ ಬರಲೂ ಇಲ್ಲ. ಬಂಡಿ ಕಂಡರೆ ಹಿಂದೆ ಹೋಗುವ ನಾಯಿ ಅದು, ಅಷ್ಟೇ. ನಾನು ಯಾರಾಗಿದ್ದರೂ ಒಂದೇ ಅದಕ್ಕೆ.

ತಳವಾರ ಮಾವ ಮತ್ತೆ ನಾಯಿ ಸಾಕಲಿಲ್ಲ. ನಾನು ಚೊಚ್ಚಲ ಹೆರಿಗೆಗೆ ತವರಿಗೆ ಹೋದಾಗ ತೀರಿಕೊಂಡ. ಜ್ವರ ಬಂದು ಹೋದನಂತೆ, ಎರಡು ದಿನ ಯಾರೂ ಬಾಗಿಲು ತೆಗೆದು ನೋಡಲಿಲ್ಲವಂತೆ. ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು.

ಮೊನ್ನೆ ಮೊಮ್ಮಗಳು ಒದ್ದೆ ಬಟ್ಟೆ ತಂದುಕೊಟ್ಟು, "ಅಜ್ಜಿ, ಇದರ ಕಾಲು ಒರಸು, ನಾ ನೆಲ ಒರಸ್ತೀನಿ," ಅಂದಳು. ನಾನು ಕೈ ಚಾಚಿದೆ. ಮರಿ ತಾನಾಗಿಯೇ ಕಾಲೆತ್ತಿ ನನ್ನ ಅಂಗೈಯಲ್ಲಿ ಇಟ್ಟಿತು. ಒಂದು ಒರಸಿದ ಮೇಲೆ ಇನ್ನೊಂದು. ಕರಿಯನೂ ಅವತ್ತು ಹೀಗೇ ಕಾಲು ಕೊಟ್ಟಿತ್ತು. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಹಿಡಿದು ಎಳೆಯಲಿಲ್ಲ. ಸುಣ್ಣದ ಕೈ ಚಾಚಿದೆ, ಅದೇ ಒಂದೊಂದಾಗಿ ಕೊಟ್ಟಿತು.